ನಿಮ್ಮ ಹೊಲದ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ?



ಬೀಜ, ಗೊಬ್ಬರ, ಔಷಧಿಗಳ ವಿಚಾರವನ್ನು ಈ ಪುಸ್ತಿಕೆಯ ಬೇರೆ ಪುಟಗಳಲ್ಲಿ ಓದುತ್ತೀರಿ. ಇಲ್ಲಿ ಅದಕ್ಕೂ ಹಿಂದಿನ ಒಂದು ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನೀವು ನಿಂತಿರುವ ನೆಲ ಯಾವ ಕಡೆಗೆ ಇಳಿಜಾರಾಗಿದೆ, ಅದರ ಮೇಲೆ ಬಿದ್ದ ಮಳೆ ಯಾವ ಹಳ್ಳಕ್ಕೆ ಸೇರುತ್ತದೆ ಎಂಬುದೇ ಆ ವಿಚಾರ. ಇದೇನು ಮಹಾ, ನಮಗೆ ಗೊತ್ತಿಲ್ಲದ್ದೇ ಎಂದು ನೀವು ಕೇಳಬಹುದು. ನಿಮ್ಮ ಅಜ್ಜನಿಗೆ ಖಂಡಿತ ಗೊತ್ತಿತ್ತು. ಅದನ್ನು ನೋಡಿಕೊಂಡೇ ಆತ ಮನೆ ಕಟ್ಟಿದ್ದು, ಕಣ ಮಾಡಿದ್ದು, ಬಾವಿ ತೋಡಿದ್ದು. ಕೊಳವೆ ಬಾವಿ ಬಂದ ಮೇಲೆ ನಾವು ನೆಲವನ್ನು ನೋಡುವುದನ್ನು ಬಿಟ್ಟು ಮೋಟಾರಿನ ಗುಂಡಿಯನ್ನು ಮಾತ್ರ ನೋಡುವವರಾಗಿದ್ದೇವೆ.

ನಮ್ಮ ದಾವಣಗೆರೆ ಜಿಲ್ಲೆ 1997ರಲ್ಲಿ ಆದದ್ದು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ಆಮೇಲೆ ತಾಲ್ಲೂಕಾಯಿತು. ಹೀಗೆ ಕಾಗದದ ಮೇಲೆ ಕೂಡಿಸಿದ ಈ ನಾಲ್ಕು ತಾಲ್ಲೂಕುಗಳ ನೆಲ ಮಾತ್ರ ನಾಲ್ಕು ತರ. ನ್ಯಾಮತಿಯಿಂದ ಜಗಳೂರಿಗೆ ಹದ್ದು ಹಾರುವ ದಾರಿಯಲ್ಲಿ ಅಳೆದರೆ ನೂರು ಕಿಲೋಮೀಟರು ಇಲ್ಲ. ಅಷ್ಟರೊಳಗೆ ಮಲೆನಾಡಿನ ಸೆರಗಿನಿಂದ ಕುರುಚಲು ಕಾಡಿನ ಬಯಲಿಗೆ ಬಂದುಬಿಡುತ್ತೇವೆ. ಆದರೂ ಒಂದು ಸಂಗತಿ ಗಮನಿಸಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಬಿದ್ದು ಹರಿದ ಮಳೆಯೆಲ್ಲ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ನ್ಯಾಮತಿ, ಹೊನ್ನಾಳಿಯ ಹಳ್ಳಗಳು ಹತ್ತಿರದಲ್ಲೇ ಹೊಳೆಗೆ ಬೀಳುತ್ತವೆ. ಚನ್ನಗಿರಿಯ ಹರಿದ್ರಾ ಹಳ್ಳ ಹರಿಹರದಲ್ಲಿ ಕೂಡುತ್ತದೆ. ಜಗಳೂರಿನ ನೀರು ಚಿನ್ನಹಗರಿಯೆಂದು ಕರೆಯುವ ಜನಗಹಳ್ಳದಲ್ಲಿ ಇಳಿದು, ವೇದಾವತಿಯನ್ನು ಸೇರಿ, ಬಳ್ಳಾರಿಯ ಕಡೆಯಿಂದ ಸುತ್ತಿಕೊಂಡು ಹೋಗಿ ಅದೇ ಹೊಳೆಯನ್ನು ಕೂಡುತ್ತದೆ.

ಮೊದಲು ಹೊಳೆಸಾಲಿನ ಮಾತು. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ಒಂದಾಗಿ ಹೊನ್ನಾಳಿಗೆ ಬರುತ್ತವೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ದೊಡ್ಡ ಅಣೆಕಟ್ಟು ಇದೆ, ಸುಮಾರು 71 ಟಿ.ಎಂ.ಸಿ. ನೀರು ಹಿಡಿಯುತ್ತದೆ. ತುಂಗೆಗೆ ಗಾಜನೂರಿನಲ್ಲಿರುವುದು ಮೂರು ಟಿ.ಎಂ.ಸಿ.ಗಿಂತ ತುಸು ಹೆಚ್ಚು ಹಿಡಿಯುವ ಚಿಕ್ಕ ಅಣೆ. ಆದ್ದರಿಂದ ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆ ಹಿಡಿಯಿತೆಂದರೆ ತುಂಗೆಯ ನೀರು ನಿಲ್ಲುವ ಜಾಗವಿಲ್ಲದೆ ನೇರವಾಗಿ ಕೆಳಗಿಳಿಯುತ್ತದೆ. ಹೊನ್ನಾಳಿಯಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುವುದು ಇದರಿಂದಲೇ. 2019ರ ಆಗಸ್ಟಿನಲ್ಲಿ ಏನಾಯಿತೆಂದು ಹೊನ್ನಾಳಿಯವರಿಗೆ ಹೇಳಬೇಕಾಗಿಲ್ಲ. ಬಾಲರಾಜ್ ಘಾಟಿನ ಮನೆಗಳಿಗೆ ಹೊಳೆ ದೊಡ್ಡದಾದಾಗಲೆಲ್ಲ ನೀರು ನುಗ್ಗುತ್ತದೆ. ಹೊಳೆ ತನ್ನ ಹಳೆಯ ಹಾಸಿಗೆಗೆ ಬಂದು ಮಲಗುತ್ತದೆ, ಅಷ್ಟೆ. ಹಿಂದಿನವರು ಊರನ್ನು ದಿಬ್ಬದ ಮೇಲೆ ಇಟ್ಟು, ದಂಡೆಯ ಮೆಕ್ಕಲು ಮಣ್ಣನ್ನು ಬೆಳೆಗೆ ಬಿಟ್ಟಿದ್ದರು. ನೆರೆ ಬಂದರೆ ಒಂದು ಬೆಳೆ ಹೋಗುತ್ತಿತ್ತು, ಗೋಡು ಉಳಿಯುತ್ತಿತ್ತು. ಈಗ ಊರು ಬೆಳೆದು ಮನೆಗಳು ದಂಡೆಗೆ ಇಳಿದಿವೆ. ಹೊಳೆಸಾಲಿನಲ್ಲಿ ಜಮೀನಿರುವವರು ಜುಲೈ, ಆಗಸ್ಟ್ ತಿಂಗಳಲ್ಲಿ ನಿಮ್ಮೂರಿನ ಮಳೆಯನ್ನು ನೋಡುವುದಕ್ಕಿಂತ ಗಾಜನೂರಿನ ಹೊರಹರಿವನ್ನು ವಿಚಾರಿಸುವುದು ಮೇಲು. ಮೋಟಾರು, ಗೊಬ್ಬರದ ಚೀಲ, ದನಕರು, ಇವನ್ನು ಆ ಸುದ್ದಿ ಬಂದ ದಿನವೇ ಮೇಲಕ್ಕೆ ಸಾಗಿಸಬಹುದು.

ನ್ಯಾಮತಿಯ ಕಥೆ ಬೇರೆ. ಅದು ಗುಡ್ಡದ ಸೀಮೆಯೂ ಬಯಲು ಸೀಮೆಯೂ ಕೈ ಹಿಡಿಯುವ ಜಾಗ. ಮಲೆನಾಡಿನ ಸರಕು ಕೆಳಗಿಳಿದು, ಬಯಲಿನ ಕಾಳುಕಡಿ ಮೇಲೆ ಹತ್ತಿ, ನಡುವೆ ಪೇಟೆ ಹುಟ್ಟಿಕೊಂಡಿತು. ಎತ್ತಿನ ಮೇಲೆ ಹೇರು ಹೊರಿಸಿಕೊಂಡು ದೇಶ ಸುತ್ತುತ್ತಿದ್ದ ಬಂಜಾರರಿಗೆ ಬೇಕಾದದ್ದು ಎರಡೇ, ದನಕ್ಕೆ ಹುಲ್ಲು ಮತ್ತು ನೀರು. ಇವೆರಡೂ ಸಿಗುವ ಗುಡ್ಡದ ಬುಡದಲ್ಲಿ ಅವರ ತಾಂಡಾಗಳು ನಿಂತವು. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದರೆಂದು ನಂಬುವ ಸೂರಗೊಂಡನಕೊಪ್ಪ ಇರುವುದು ಇದೇ ತಾಲ್ಲೂಕಿನಲ್ಲಿ. ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರದಲ್ಲಿ ಗುಡ್ಡದಿಂದ ಒಸರುವ ನೀರನ್ನು ನೋಡಿದವರಿಗೆ ಕಾಡಿಗೂ ನೀರಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಮೇಲೆ ಮರ, ಹುಲ್ಲು, ತರಗು ಇದ್ದಷ್ಟು ದಿನ ಮಳೆ ನೀರು ನೆಲಕ್ಕೆ ಇಳಿದು ನಿಧಾನವಾಗಿ ಹೊರಬರುತ್ತದೆ. ಗುಡ್ಡ ಬೋಳಾದರೆ ಅದೇ ನೀರು ಒಂದೇ ತಾಸಿನಲ್ಲಿ ಹಳ್ಳಕ್ಕೆ ಬಂದು, ನಿಮ್ಮ ಹೊಲದ ಬದುವನ್ನೂ ಕಿತ್ತುಕೊಂಡು ಹೋಗುತ್ತದೆ.

ಇನ್ನು ಚನ್ನಗಿರಿ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ನೆಲವನ್ನು ಓದುವುದು ಎಂದರೇನು ಎಂಬುದಕ್ಕೆ ಸೂಳೆಕೆರೆಗಿಂತ ದೊಡ್ಡ ಪಾಠಶಾಲೆ ನಮ್ಮ ಸೀಮೆಯಲ್ಲಿಲ್ಲ. ಶಾಂತಿಸಾಗರವೆಂದೂ ಇದನ್ನು ಕರೆಯುತ್ತಾರೆ. ರಾಜನ ಮಗಳು ಶಾಂತವ್ವ ಕಟ್ಟಿಸಿದಳೆಂದೂ, ಕೆರೆ ತುಂಬಿದಾಗ ಸ್ವರ್ಗಾವತಿ ಎಂಬ ಪಟ್ಟಣವೇ ಮುಳುಗಿತೆಂದೂ ಜನ ಹೇಳುತ್ತಾರೆ. ಕಥೆ ಹಾಗಿರಲಿ, ಕೆರೆಯ ಲೆಕ್ಕ ನೋಡಿ. ನೀರು ತುಂಬಿದಾಗ ಸುಮಾರು 6,500 ಎಕರೆ ಮುಳುಗುತ್ತದೆ. ಅದಕ್ಕೆ ನೀರು ಬರುವ ಸೀಮೆ ಸುಮಾರು 330 ಚದರ ಕಿಲೋಮೀಟರು. ಇಷ್ಟು ದೊಡ್ಡ ಕೆರೆಯ ಏರಿ ಎಷ್ಟುದ್ದ ಇರಬೇಕು ಹೇಳಿ? ಸುಮಾರು 950 ಅಡಿ ಮಾತ್ರ! ಹಿಂದಿನವರು ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳ ನುಸುಳಿ ಹೋಗುವ ಸಂದನ್ನು ಹುಡುಕಿ, ಅಲ್ಲಿ ಮಾತ್ರ ದಪ್ಪನೆಯ ಏರಿ ಹಾಕಿದರು. ಉಳಿದ ಕೆಲಸವನ್ನು ಗುಡ್ಡಗಳೇ ಮಾಡುತ್ತವೆ. ಆಗ ನಕ್ಷೆಯಿರಲಿಲ್ಲ, ಯಂತ್ರವಿರಲಿಲ್ಲ. ಕೆಲವು ಮಳೆಗಾಲ ಆ ಹಳ್ಳದ ಜೊತೆ ನಡೆದಾಡಿದವರಿಗೆ ಮಾತ್ರ ಹೊಳೆಯುವ ಜಾಗ ಅದು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಿಂದ ಕೆಳಗಿನ ಅಚ್ಚುಕಟ್ಟು ಇಂದಿಗೂ ನೀರುಣ್ಣುತ್ತದೆ. ಚಿತ್ರದುರ್ಗದ ಕಡೆಯ ಊರುಗಳಿಗೆ ಕುಡಿಯುವ ನೀರೂ ಇಲ್ಲಿಂದ ಹೋಗುತ್ತದೆ.

ಹೀಗೆ ಕೆರೆಯ ಕೆಳಗೆ, ತೇವ ಆರದ ತಗ್ಗಿನಲ್ಲಿ ಅಡಿಕೆ ತೋಟ, ಅದರ ಪಕ್ಕ ಗದ್ದೆ, ಮೇಲೆ ಬೆದ್ದಲು, ಇನ್ನೂ ಮೇಲೆ ದನ ಮೇಯುವ ಗೋಮಾಳ. ಇದು ಹಳೆಯ ಕ್ರಮ. ಯಾರೋ ಹಾಕಿದ ಕಾನೂನಲ್ಲ, ಇಳಿಜಾರೇ ಹಾಕಿಕೊಟ್ಟದ್ದು.

ಈ ಕ್ರಮ ಎರಡು ಸಲ ಬದಲಾಯಿತು. ಮೊದಲನೆಯದು ಭದ್ರಾ ನಾಲೆಯಿಂದ. 1947ರಲ್ಲಿ ಶುರುವಾದ ಅಣೆಕಟ್ಟಿನ ಕೆಲಸ 1960ರ ದಶಕದ ನಡುವಿಗೆ ಮುಗಿಯಿತು. ಬಲದಂಡೆ ನಾಲೆ ಚನ್ನಗಿರಿ, ದಾವಣಗೆರೆ, ಹರಿಹರದ ಬಯಲಿಗೆ ನೀರು ತಂದಿತು. ಜೋಳ ಬೆಳೆಯುತ್ತಿದ್ದ ಎರೆ ಹೊಲ ಭತ್ತದ ಗದ್ದೆಯಾಯಿತು. ಆಂಧ್ರದ ಕಡೆಯಿಂದ ಭತ್ತದ ಕೆಲಸ ಬಲ್ಲ ರೈತರು ಬಂದು ನೆಲೆಸಿದರು. ನಾಲೆಯ ಬಯಲಿನಲ್ಲಿ ‘ಕ್ಯಾಂಪ್’ ಎಂಬ ಹೆಸರು ಹೊತ್ತ ಊರುಗಳು ಹಾಗೆ ಬಂದವು. ಲಾಭವಾಯಿತು, ಸುಳ್ಳಲ್ಲ. ಆದರೆ ಎರೆ ಮಣ್ಣಿಗೆ ಬಸಿಗಾಲುವೆಯಿಲ್ಲದೆ ನೀರು ನಿಲ್ಲಿಸಿದ ಕಡೆ ನೆಲ ಜವುಗಾಗಿ ಸವಳು ಮೇಲೆದ್ದಿತು. ನಾಲೆಯ ತಲೆಯಲ್ಲಿರುವವರು ಹೆಚ್ಚು ಹಾಯಿಸಿಕೊಂಡಷ್ಟೂ ಕೊನೆ ಭಾಗದವರಿಗೆ ಕಡಿಮೆಯಾಯಿತು. ಆ ಜಗಳ ಇನ್ನೂ ನಿಂತಿಲ್ಲ.

ಎರಡನೆಯ ಬದಲಾವಣೆ ಕೊಳವೆ ಬಾವಿ. ಇದು ಅಡಿಕೆಯನ್ನು ತಗ್ಗಿನಿಂದ ಎತ್ತಿ ದಿಬ್ಬದ ಮೇಲೆ ನಿಲ್ಲಿಸಿತು. ಚನ್ನಗಿರಿಯಲ್ಲಿ ಕೆಂಪು ಮಣ್ಣಿನ ಬೆದ್ದಲೆಲ್ಲ ತೋಟವಾಗುತ್ತಾ ಬಂದು, ಈಗ ಜಗಳೂರಿನ ಕಡೆಗೂ ಸಸಿಗಳು ಹೊರಟಿವೆ. 2023ರಲ್ಲಿ ಮಳೆ ಕೈಕೊಟ್ಟು, ಭದ್ರೆಯೂ ತುಂಬದೆ, ಮುಂದಿನ ಬೇಸಿಗೆಯಲ್ಲಿ ಎಷ್ಟೋ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹಾಕಬೇಕಾಯಿತು. ಹಣ ಹೋದದ್ದಲ್ಲದೆ, ಎಂಟು ಹತ್ತು ವರ್ಷ ಮಕ್ಕಳಂತೆ ಸಾಕಿದ ಮರಗಳ ಸುಳಿ ಒಣಗಿದ್ದನ್ನು ನೋಡಬೇಕಾಯಿತು.

“ಸಾರ್, ನಮ್ಮ ಬೋರಿನಲ್ಲಿ ಎರಡು ಇಂಚು ನೀರಿದೆ, ಅಡಿಕೆ ಇಡಬಹುದಾ?” ಎಂದು ಕೇಳುವವರು ಬಹಳ. ನಾನು ಹೇಳುವುದು, ನೀವೇ ಲೆಕ್ಕ ಹಾಕಿ ನೋಡಿ ಎಂದು. ಎಕರೆಗೆ ಸುಮಾರು 550 ಗಿಡ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ದೊಡ್ಡ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ಬೇಕು. 18 ಎಂದಿಟ್ಟುಕೊಳ್ಳಿ. ದಿನಕ್ಕೆ 9,900 ಲೀಟರಾಯಿತು. ನಾಲ್ಕು ತಿಂಗಳಿಗೆ ಸುಮಾರು 12 ಲಕ್ಷ ಲೀಟರು. ಈಗ ಮಳೆಯ ಕಡೆ ಬನ್ನಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೆ ತುಸು ಮೇಲಾಗುತ್ತದೆ. ಅಂದರೆ ನಿಮ್ಮ ಒಂದು ಎಕರೆ ತೋಟ ಬೇಸಿಗೆಯಲ್ಲಿ ಕುಡಿಯುವುದು ಅದೇ ಎಕರೆಯ ಮೇಲೆ ಬೀಳುವ ಹನ್ನೊಂದು ಹನ್ನೆರಡು ಅಂಗುಲ ಮಳೆಯನ್ನು. ಜಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಇಪ್ಪತ್ತು ಅಂಗುಲದ ಆಸುಪಾಸು. ಬಿದ್ದದ್ದರಲ್ಲಿ ಬಹುಪಾಲು ಹರಿದೋ ಆರಿಯೋ ಹೋಗಿ, ಬೋರಿನ ಆಳಕ್ಕೆ ಇಂಗುವುದು ಅಲ್ಪಸ್ವಲ್ಪ. ಹಾಗಾದರೆ ಎರಡು ಇಂಚು ನೀರು ಬರುತ್ತಿರುವುದೆಲ್ಲಿಂದ? ಪಕ್ಕದವರ ನೆಲದಿಂದ, ಇಲ್ಲವೇ ಹಿಂದಿನ ಎಷ್ಟೋ ವರ್ಷಗಳ ಉಳಿತಾಯದಿಂದ. ಪಕ್ಕದವರೂ ಬೋರು ಹಾಕಿದ ದಿನ ಈ ಎರಡು ಇಂಚು ಒಂದಾಗುತ್ತದೆ.

ಜಗಳೂರಿನ ಜನ ನೀರಿಲ್ಲದೆ ಬದುಕುವ ದಾರಿಯನ್ನು ಬೇರೆಯೇ ಕಂಡುಕೊಂಡವರು. ಊರುಗಳ ಹೆಸರು ಕೇಳಿ: ಹೊಸಕೆರೆ, ಪಲ್ಲಾಗಟ್ಟೆ, ದೊಣೆಹಳ್ಳಿ. ಕೆರೆ, ಕಟ್ಟೆ, ಬಂಡೆಯ ಮೇಲಿನ ದೊಣೆ, ಹೀಗೆ ಒಂದು ಕೊಡ ನೀರು ನಿಲ್ಲುವ ಜಾಗವನ್ನೂ ಬಿಡದೆ ಹೆಸರಿಟ್ಟಿದ್ದಾರೆ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಬದುಕಿರುವುದು ಕೊಂಡುಕುರಿ. ಅದೂ ಈ ನೆಲಕ್ಕೆ ಹೊಂದಿಕೊಂಡ ಪ್ರಾಣಿಯೇ. ನವಣೆ, ಸಜ್ಜೆ, ರಾಗಿ, ಶೇಂಗಾ, ತೊಗರಿ, ಇವು ಒಂದು ಹದ ಮಳೆ ತಪ್ಪಿದರೂ ಕೈಬಿಡದ ಬೆಳೆಗಳು. ಜೊತೆಗೆ ಕುರಿ. ಮೇವು ತೀರಿದಾಗ ಮಂದೆ ನೀರಾವರಿ ಬಯಲಿಗೆ ಇಳಿದು, ಕೊಯ್ಲಾದ ಗದ್ದೆಗಳಲ್ಲಿ ತರುಬಿ, ಗೊಬ್ಬರ ಕೊಟ್ಟು ಕಾಳು ಪಡೆದು ಬರುತ್ತಿತ್ತು. ಮಳೆ ಪೂರಾ ಹೋದ ವರ್ಷ ಜನ ಗುಳೆ ಹೋಗಿ ಮಲೆನಾಡಿನ ತೋಟಗಳಲ್ಲಿ ದುಡಿದು ಬರುತ್ತಿದ್ದರು, ಈಗಲೂ ಹೋಗುವವರಿದ್ದಾರೆ. ಈಚೆಗೆ ಹೊಲವೆಲ್ಲ ಮೆಕ್ಕೆಜೋಳವೇ ಆಗಿದೆ. ಹೂ ಬಿಡುವ ಹೊತ್ತಿಗೆ ಹದಿನೈದು ದಿನ ಮಳೆ ತಡೆದರೆ ಅದು ತೆನೆ ಕಟ್ಟುವುದಿಲ್ಲ ಎಂಬುದನ್ನು ಮರೆಯಬೇಡಿ. ಸಾಲಿನ ನಡುವೆ ತೊಗರಿಯನ್ನಾದರೂ ಹಾಕಿ.

ಜಗಳೂರಿಗೆ ನೀರು ಬರುವುದಿಲ್ಲವೇ ಎಂದರೆ, ಬರುತ್ತದೆ. ಹರಿಹರದ ಬಳಿ ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಒಂದು. ಭದ್ರಾ ಮೇಲ್ದಂಡೆ ಯೋಜನೆ ಇನ್ನೊಂದು. ಈ ಮೇಲ್ದಂಡೆಯ ನೀರನ್ನು ಹನಿ ನೀರಾವರಿಯಲ್ಲಿ ಕೊಡಬೇಕೆಂದೇ ಲೆಕ್ಕ ಹಾಕಿದ್ದಾರೆ. ಭತ್ತಕ್ಕೆ ಹಾಯಿಸುವಷ್ಟು ನೀರಿನ ಲೆಕ್ಕ ಅದರಲ್ಲಿಲ್ಲ. ಆದ್ದರಿಂದ ಪೈಪಿನ ನೀರು ಬರುತ್ತದೆಂದು ಈಗಲೇ ಅಡಿಕೆ ಸಸಿಗೆ ಮುಂಗಡ ಕೊಡಬೇಡಿ. ಕೆರೆಗೆ ಬಂದ ನೀರು ಸುತ್ತಲಿನ ಬಾವಿ ಬೋರುಗಳಿಗೆ ಜೀವ ಕೊಡುತ್ತದೆ, ಕುಡಿಯುವುದಕ್ಕೆ, ದನಕ್ಕೆ, ಒಂದಿಷ್ಟು ತರಕಾರಿಗೆ ಆಗುತ್ತದೆ. ಆದರೆ ಕೆರೆಗೆ ನೀರು ಬರುವ ಹಳ್ಳದ ದಾರಿಯನ್ನು ಉತ್ತು ಹೊಲ ಮಾಡಿಕೊಂಡಿದ್ದರೆ ಮಳೆಯ ನೀರು ಆ ಕೆರೆಗೆ ಸೇರುವುದು ಹೇಗೆ? ಹಳ್ಳದ ದಾರಿ ಬಿಡಿಸುವ ಕೆಲಸ ಊರವರೆಲ್ಲ ಕೂತು ಮಾತಾಡಿದರೆ ಮಾತ್ರ ಆಗುವಂಥದ್ದು. ಒಬ್ಬರ ಮೇಲೆ ಒಬ್ಬರು ಅರ್ಜಿ ಹಾಕಿದರೆ ಮಳೆಗಾಲ ಕಳೆದುಹೋಗುತ್ತದೆ.

ನಿಮ್ಮ ಕೈಯಲ್ಲೇ ಇರುವ ಕೆಲಸವೂ ಉಂಟು. ಮುಂಗಾರಿನ ಮೊದಲ ದೊಡ್ಡ ಮಳೆ ಸುರಿಯುವಾಗ ಗುಡುಗು ಮಿಂಚು ಇಲ್ಲದ ಹೊತ್ತು ನೋಡಿ, ಗೊಂಗಡಿ ಹೊದ್ದುಕೊಂಡು ಹೊಲಕ್ಕೆ ಹೋಗಿ. ನೀರು ಎಲ್ಲಿಂದ ಒಳಕ್ಕೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಂಪಗೆ ಮಣ್ಣು ಹೊತ್ತು ಹೊರಗೆ ಹೋಗುತ್ತದೆ, ಆ ಮೂರು ಜಾಗಕ್ಕೆ ಒಂದೊಂದು ಗೂಟ ಹೊಡೆದು ಬನ್ನಿ. ಮಳೆ ನಿಂತ ಮೇಲೆ ಬದು ಹಾಕಬೇಕಾದ್ದು ಆ ಗೂಟಗಳನ್ನು ನೋಡಿಕೊಂಡು, ಇಳಿಜಾರಿಗೆ ಅಡ್ಡವಾಗಿ. ಉಳುಮೆಯೂ ಅಡ್ಡಕ್ಕೇ. ಹೊರಗೆ ಹೋಗುವ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿ. ಮೇಲೆ 12 ಮೀಟರು ಉದ್ದ, ಅಷ್ಟೇ ಅಗಲ, 3 ಮೀಟರು ಆಳ ಮಾಡಿ, ದಡವನ್ನು ಒಂದಕ್ಕೊಂದು ಇಳಿಜಾರಾಗಿ ಕಡಿಸಿದರೆ ಸುಮಾರು ಎರಡೂವರೆ ಲಕ್ಷ ಲೀಟರು ಹಿಡಿಯುತ್ತದೆ. ಎರಡು ಎಕರೆ ಬೆಳೆಗೆ, ತೆನೆ ಕಟ್ಟುವ ಹೊತ್ತಿನಲ್ಲಿ, ಒಂದು ಹದ ನೀರಿಗೆ ಇದು ಸಾಕು. ಎರೆ ನೆಲದಲ್ಲಿ ಹೊಂಡ ತಾನಾಗಿಯೇ ನೀರು ಹಿಡಿದುಕೊಳ್ಳುತ್ತದೆ, ಕೆಂಪು ನೆಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಬೇಕು. ನೀರು ಹೊಂಡಕ್ಕೆ ಬೀಳುವ ಮೊದಲು ಹೂಳು ಕೂರುವಂತೆ ಒಂದು ಸಣ್ಣ ಗುಂಡಿ ಇರಲಿ. ಮಕ್ಕಳು, ದನಕರು ಜಾರಿ ಬೀಳದಂತೆ ಸುತ್ತ ಬೇಲಿಯನ್ನು ಮಾತ್ರ ಮರೆಯಬೇಡಿ. ಸಹಾಯಧನದ ವಿವರವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೋಗುವಾಗ ಪಹಣಿಯ ಜೊತೆಗೆ, ಗೂಟ ಹೊಡೆದ ಜಾಗಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿ.