‘ಬ್ರೇಕ್ ಹಿಡಿಯಲಿಲ್ಲ’ ಎಂದರೆ ಮಾತು ಮುಗಿಯಿತೇ?

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಿಂದ ಗೊರಗುಂಟೆಪಾಳ್ಯದವರೆಗೆ, ಹೆಬ್ಬಾಳದಿಂದ ಯಲಹಂಕದತ್ತ ಬಳ್ಳಾರಿ ರಸ್ತೆಯುದ್ದಕ್ಕೂ ಹಗಲಿರುಳು ಲಾರಿಗಳ ಸಂಚಾರ. ಅವುಗಳಲ್ಲೊಂದು ಯಾವುದೋ ಮನೆಯ ಯಜಮಾನರ ಸ್ಕೂಟರಿನ ಮೇಲೆ ಹರಿದಾಗ ಮೊದಲು ಕೇಳಿಬರುವುದು ‘ಬ್ರೇಕ್ ಹಿಡಿಯಲಿಲ್ಲ’ ಎಂಬ ಮಾತು. ಶಿವಗಣಾರಾಧನೆ ಮುಗಿಯುವಷ್ಟರಲ್ಲಿ ಮಾಲೀಕನ ಕಡೆಯವರು ಒಂದಿಷ್ಟು ಹಣದೊಡನೆ ಬಂದು, ಯಂತ್ರ ಕೆಟ್ಟರೆ ಯಾರೇನು ಮಾಡಲಾದೀತು ಎನ್ನುತ್ತಾರೆ. ದುಃಖದಲ್ಲಿರುವ ಮನೆಯವರು ಹಣೆಬರಹವೆಂದು ರುಜು ಹಾಕಿಬಿಡುತ್ತಾರೆ. ಹಾಗೆ ಹಾಕಬಾರದೆಂದು ತಿಳಿಸಲೆಂದೇ ನಾವು ಇದನ್ನು ಬರೆಯುತ್ತಿದ್ದೇವೆ.

ಲಾರಿಯೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿಯೇ ಈ ಮಾತಿಗೆ ಉತ್ತರ ಹೇಳಿದೆ. ದೋಷವು ಹೊರಗೆ ಕಾಣದಂತೆ ಅಡಗಿತ್ತು, ತಕ್ಕ ಎಚ್ಚರ ವಹಿಸಿದ್ದರೂ ತಿಳಿಯುತ್ತಿರಲಿಲ್ಲ ಎಂಬುದನ್ನು ಮಾಲೀಕನೇ ಸಾಬೀತುಪಡಿಸಬೇಕು. ಇಂಗ್ಲೆಂಡಿನಲ್ಲಿ ಲಾರಿಯ ಬ್ರೇಕ್ ಕೊಳವೆಯು ಕಣ್ಣಿಗೆ ಬೀಳದ ಭಾಗದಲ್ಲಿ ತುಕ್ಕು ತಿಂದು ಒಡೆದು ಒಬ್ಬರು ಸತ್ತಾಗಲೂ ಅಲ್ಲಿಯ ಉನ್ನತ ನ್ಯಾಯಪೀಠ ಮಾಲೀಕರನ್ನು ಬಿಡಲಿಲ್ಲ. 2001ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಜೀಪಿನ ಟೈರು ಸಿಡಿದು ದಾರಿಹೋಕರೊಬ್ಬರು ಮಡಿದಾಗ, ಚಾಲಕನ ತಪ್ಪು ಸಾಬೀತಾಗದಿದ್ದರೂ ಕುಟುಂಬಕ್ಕೆ ಪರಿಹಾರ ಕೊಡಿಸಿತು.

ಆದುದರಿಂದ ಮನೆಯವರು ಮೊದಲು ಕೇಳಿ ಪಡೆಯಬೇಕಾದ ಕಾಗದವೆಂದರೆ ಮೋಟಾರು ವಾಹನ ನಿರೀಕ್ಷಕರ ವರದಿ. ಅದರಲ್ಲಿ ಬ್ರೇಕ್ ಕೆಟ್ಟಿತ್ತೆಂದು ಬರೆದಿದ್ದರೆ ನಮ್ಮ ಪ್ರಕರಣ ಬಿದ್ದುಹೋಯಿತೆಂದು ಅನೇಕರು ಹೆದರುತ್ತಾರೆ. ಹೆದರಬೇಕಾದವನು ಲಾರಿಯ ಒಡೆಯ! ಎಫ್.ಸಿ. ಇದೆಯೆಂದು ಆತ ತೋರಿಸಬಹುದು. ಎಂಟು ವರ್ಷದವರೆಗಿನ ಲಾರಿಗೆ ಅದು ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ತಪಾಸಣೆಯ ದಿನ ಸರಿಯಿದ್ದ ಬ್ರೇಕ್ ಹತ್ತು ತಿಂಗಳ ಮೇಲೂ ಸರಿಯಿತ್ತೆಂದು ಆ ಕಾಗದ ಹೇಳಲಾರದು.

ಅರ್ಜಿ ಸಲ್ಲಿಸಲು ಅಪಘಾತ ನಡೆದ ಊರಿಗೇ ಅಲೆಯಬೇಕಿಲ್ಲ. ಶಿರಾದ ಬಳಿ ಗಂಡನನ್ನು ಕಳೆದುಕೊಂಡ ಯಲಹಂಕದ ತಾಯಿ ಬೆಂಗಳೂರಿನಲ್ಲಿಯೇ ಸಲ್ಲಿಸಬಹುದು. ಇಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಅಪಘಾತ ಪರಿಹಾರ ನ್ಯಾಯಮಂಡಳಿ. ಆದರೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ವರ್ಷದ ತಿಥಿ ಮುಗಿಯಲಿ ಎಂದು ಕಾಯುತ್ತ ಕುಳಿತುಕೊಳ್ಳುವುದು ಬೇಡ.

ನಮ್ಮ ಓದುಗರಲ್ಲಿ ಲಾರಿ ಇಟ್ಟುಕೊಂಡ ಮನೆತನಗಳೂ ಉಂಟು. ಅವರಿಗೆ ಈ ಬರಹ ಕಹಿಯಾಗಬಹುದು. ಅವರಲ್ಲಿ ನಮ್ಮದೊಂದು ವಿನಂತಿ: ಬ್ರೇಕ್ ಸರಿಯಿಲ್ಲವೆಂದು ಚಾಲಕ ಹೇಳಿದ ದಿನ, ಬಾಡಿಗೆ ತಪ್ಪಿದರೂ ಸರಿ, ಲಾರಿ ಗ್ಯಾರೇಜಿಗೆ ಹೋಗಲಿ. ಅಲ್ಲಿಯ ರಸೀದಿಯನ್ನು ಲೆಕ್ಕದ ಪುಸ್ತಕದೊಡನೆ ಜೋಪಾನವಾಗಿ ಇಟ್ಟುಕೊಳ್ಳಿರಿ. ಮುಂದೆ ನ್ಯಾಯಾಲಯ ಕೇಳುವುದು ಅದನ್ನೇ.