ಬೆಲೆಯ ಬೆನ್ನು ಹತ್ತಿದ ಪಿಂಚಣಿ

ಹದಿನೆಂಟನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಒಂದು ಧರ್ಮಸಂಕಟ ಚರ್ಚೆಗೆ ಬಂತು. ಆಕ್ಸ್‌ಫರ್ಡ್‌ನ ಒಂದು ಕಾಲೇಜು ಸ್ಥಾಪನೆಯಾದದ್ದು ಹದಿನೈದನೇ ಶತಮಾನದ ನಡುಭಾಗದಲ್ಲಿ. ಸ್ವಂತ ಆಸ್ತಿಯಿಂದ ವರ್ಷಕ್ಕೆ 5 ಪೌಂಡಿಗಿಂತ ಹೆಚ್ಚು ಹುಟ್ಟುವಳಿ ಇದ್ದವರಿಗೆ ಅಲ್ಲಿನ ಫೆಲೋಶಿಪ್ ಸಲ್ಲದೆಂದು ಸ್ಥಾಪಕರು ಕಟ್ಟಳೆ ಬರೆದಿದ್ದರು. ಸೇರುವವರು ಅದನ್ನು ಪಾಲಿಸುವುದಾಗಿ ಪ್ರಮಾಣ ಮಾಡಬೇಕಿತ್ತು. ಇನ್ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ 5 ಪೌಂಡಿನ ಬೆಲೆ ಕರಗಿಹೋಗಿತ್ತು. ಕಟ್ಟಳೆ ಮಾತ್ರ ಅಕ್ಷರಶಃ ಹಾಗೇ ಉಳಿದಿತ್ತು. ಈಗ 6 ಪೌಂಡ್ ಹುಟ್ಟುವಳಿ ಇರುವ ಬಡ ಹುಡುಗ ಪ್ರಮಾಣ ಮಾಡಿದರೆ ಅದು ಸುಳ್ಳು ಆಣೆಯೇ?

ವಿಲಿಯಂ ಫ್ಲೀಟ್‌ವುಡ್ ಎಂಬ ಪಾದ್ರಿ ಇದಕ್ಕೆ ಧರ್ಮಗ್ರಂಥದಲ್ಲಿ ಉತ್ತರ ಹುಡುಕಲಿಲ್ಲ, ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಹುಡುಕಿದ. ಆರು ನೂರು ವರ್ಷಗಳ ಧಾನ್ಯ, ಮಾಂಸ, ಬಟ್ಟೆ, ಪಾನೀಯಗಳ ಬೆಲೆ ಹೆಕ್ಕಿ ತೆಗೆದು 1707ರಲ್ಲಿ ‘ಕ್ರಾನಿಕಾನ್ ಪ್ರೆಸಿಯೋಸಮ್’ ಎಂಬ ಪುಸ್ತಕವನ್ನು ತನ್ನ ಹೆಸರು ಹಾಕದೆಯೇ ಅಚ್ಚು ಹಾಕಿಸಿದ. ಆ ಕಾಲದ 5 ಪೌಂಡಿಗೆ ಬರುತ್ತಿದ್ದಷ್ಟು ಗೋಧಿ, ಬಿಯರು, ಬಟ್ಟೆ ಕೊಳ್ಳಲು ತನ್ನ ಕಾಲದಲ್ಲಿ 28ರಿಂದ 30 ಪೌಂಡ್ ಬೇಕು ಎಂಬುದು ಅವನ ಲೆಕ್ಕ. ಹಾಗಾಗಿ ಹುಡುಗ ನಿಶ್ಚಿಂತೆಯಿಂದ ಪ್ರಮಾಣ ಮಾಡಬಹುದು. ಕಟ್ಟಳೆ ಬರೆದವರ ಮನಸ್ಸಿನಲ್ಲಿದ್ದದ್ದು ಐದು ನಾಣ್ಯಗಳಲ್ಲ, ಆ ನಾಣ್ಯಗಳಿಗೆ ಬರುತ್ತಿದ್ದ ಬದುಕು.

ಬೆಲೆ ಸೂಚ್ಯಂಕದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಈ ಪುಸ್ತಕದಿಂದಲೇ ಶುರು ಮಾಡುತ್ತಾರೆ. ಸರ್ಕಾರಿ ಸೌಲಭ್ಯಗಳ ಆದಾಯ ಮಿತಿಯನ್ನು ಕಾಲಕ್ಕೆ ತಕ್ಕಂತೆ ಏರಿಸಬೇಕೆಂಬ ಇಂದಿನ ವಾದದ ಬೇರೂ ಅಲ್ಲೇ ಇದೆ.

ಸರ್ಕಾರವೊಂದು ಈ ವಿಚಾರವನ್ನು ಕಾಗದದ ಮೇಲೆ ಇಳಿಸಿದ್ದು ಯುದ್ಧದ ಒತ್ತಡದಲ್ಲಿ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ನೋಟುಗಳ ಮೌಲ್ಯ ಪಾತಾಳಕ್ಕೆ ಇಳಿದಿತ್ತು, ಸೈನಿಕರು ರೊಚ್ಚಿಗೆದ್ದಿದ್ದರು. 1780ರಲ್ಲಿ ಮ್ಯಾಸಚೂಸೆಟ್ಸ್ ಅವರಿಗೆ ವಿಶೇಷ ಸಾಲಪತ್ರ ಕೊಟ್ಟಿತು. ಐದು ಬುಷೆಲ್ ಮೆಕ್ಕೆಜೋಳ, ತೂಕದಲ್ಲಿ ಅರವತ್ತೆಂಟು ಪೌಂಡಿಗೆ ತುಸು ಮೇಲೆ ದನದ ಮಾಂಸ, ಹತ್ತು ಪೌಂಡ್ ಕುರಿಯುಣ್ಣೆ, ಹದಿನಾರು ಪೌಂಡ್ ಅಟ್ಟೆಯ ಚರ್ಮ, ಇವಿಷ್ಟರ ಬೆಲೆ ಏರಿದಂತೆ ಪತ್ರದ ಹಣವೂ ಏರಬೇಕೆಂದು ಅದರಲ್ಲೇ ಮುದ್ರಿಸಿತ್ತು. ಯುದ್ಧ ಮುಗಿಯಿತು, ಉಪಾಯವೂ ಮರೆತುಹೋಯಿತು.

ಆ ಮರೆವಿನ ಬೆಲೆ ತೆತ್ತವರು ಅದೇ ದೇಶದ ಮುದುಕರು. 1935ರ ಸಾಮಾಜಿಕ ಭದ್ರತಾ ಕಾಯ್ದೆಯಂತೆ ಮೊದಲ ಮಾಸಿಕ ಪಿಂಚಣಿಯ ಚೆಕ್ಕು 1940ರ ಜನವರಿ 31ರಂದು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಎಂಬ ನಿವೃತ್ತ ಮಹಿಳೆಯ ಹೆಸರಿಗೆ ಹೊರಟಿತು. ಮೊತ್ತ 22 ಡಾಲರ್ 54 ಸೆಂಟ್. ಮುಂದಿನ ಹತ್ತು ವರ್ಷಗಳಲ್ಲಿ ಮಹಾಯುದ್ಧವೊಂದು ಬಂದುಹೋಯಿತು, ಬೆಲೆಗಳು ಶೇ 70ರಷ್ಟು ಏರಿದವು. ಚೆಕ್ಕಿನ ಮೊತ್ತ ಒಂದು ಸೆಂಟೂ ಕದಲಲಿಲ್ಲ. ಪಿಂಚಣಿದಾರರ ದುಡಿಮೆಗೆ ಹಾಕಿದ್ದ ಮಿತಿಯೂ ಹಾಗೆಯೇ: ತಿಂಗಳಿಗೆ 15 ಡಾಲರ್ ದುಡಿದರೆ ಆ ತಿಂಗಳ ಪಿಂಚಣಿ ಇಲ್ಲ. ಸಂಸತ್ತು ಎಚ್ಚೆತ್ತದ್ದು 1950ರಲ್ಲಿ. ಪಿಂಚಣಿಯನ್ನು ಒಮ್ಮೆಗೇ ಸರಾಸರಿ ಶೇ 77ರಷ್ಟು ಏರಿಸಿ, ದುಡಿಮೆಯ ಮಿತಿಯನ್ನು 50 ಡಾಲರಿಗೆ ಒಯ್ದಿತು. ಫುಲ್ಲರ್ ಅವರ ಚೆಕ್ಕು 41 ಡಾಲರ್ 30 ಸೆಂಟ್ ಆಯಿತು.

ಅಲ್ಲಿಂದಾಚೆ ಏರಿಕೆ ಸಂಸತ್ತಿನ ಕೃಪೆಗೆ ಬಿಟ್ಟ ವಿಷಯವಾಯಿತು. 1952, 1954, 1959, 1965 ಹೀಗೆ ಮನಸ್ಸು ಬಂದಾಗ ಒಂದೊಂದು ಕಾನೂನು. ನಡುವಿನ ವರ್ಷಗಳ ನಷ್ಟವನ್ನು ಯಾರೂ ತುಂಬಿಕೊಡುತ್ತಿರಲಿಲ್ಲ.

ಆದರೆ ಬೆಲೆ ಅಳೆಯುವ ವಿದ್ಯೆ ಅಷ್ಟರಲ್ಲಿ ಪಕ್ವವಾಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಹಡಗು ಕಟ್ಟುವ ಊರುಗಳ ಕಾರ್ಮಿಕರ ಕೂಲಿ ನಿಗದಿ ಮಾಡಲು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಮನೆಮನೆಯ ಖರ್ಚು ಕೇಳಿತ್ತು. ಗ್ರಾಹಕ ಬೆಲೆ ಸೂಚ್ಯಂಕ ಹುಟ್ಟಿದ್ದು ಆ ಕೆಲಸದಿಂದ. 1948ರಲ್ಲಿ ಜನರಲ್ ಮೋಟಾರ್ಸ್ ಮತ್ತು ವಾಹನ ಕಾರ್ಮಿಕರ ಸಂಘದ ಒಪ್ಪಂದ ಕೂಲಿಯನ್ನು ಅದೇ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಕಾರ್ಖಾನೆಯಲ್ಲಿ ಆಗುವುದು ಪಿಂಚಣಿಯಲ್ಲಿ ಏಕಾಗದು? 1969ರಲ್ಲಿ ಅಧ್ಯಕ್ಷ ನಿಕ್ಸನ್ ಸಂಸತ್ತಿನ ಮುಂದೆ ಇದನ್ನೇ ಇಟ್ಟರು. ಪಿಂಚಣಿ ಏರಿಸಿದ ಹೆಸರು ತಮಗೇ ಬರಲಿ ಎಂಬ ಆಸೆ ಸಂಸದರಿಗೆ ಇತ್ತಾದ್ದರಿಂದ ಒಪ್ಪಿಗೆಗೆ ಮೂರು ವರ್ಷ ಹಿಡಿಯಿತು. 1972ರ ಜುಲೈ 1ರಂದು, ಸರ್ಕಾರಿ ಸಾಲದ ಮಿತಿಯ ಮಸೂದೆಗೆ ಅಂಟಿಕೊಂಡು, ಕಾನೂನು ಬಂತು. ಜೊತೆಗೆ ಶೇ 20ರ ಏರಿಕೆಯೂ ಬಂತು. ಅದು ಜನರ ಕೈ ಸೇರಿದ್ದು ಅಕ್ಟೋಬರಿನಲ್ಲಿ, ಅಧ್ಯಕ್ಷರ ಚುನಾವಣೆಗೆ ಒಂದು ತಿಂಗಳು ಮೊದಲು!

ತನ್ನಷ್ಟಕ್ಕೆ ತಾನೇ ಆಗುವ ಮೊದಲ ಏರಿಕೆ, ಶೇ 8, ಜಾರಿಯಾದದ್ದು 1975ರಲ್ಲಿ. ಅದನ್ನು ನೋಡಲು ಫುಲ್ಲರ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ನೂರು ತುಂಬಿದ ಜೀವ ತೀರಿಕೊಂಡಿತ್ತು.

ಆದರೆ ಕಂಡುಹಿಡಿದ ಸೂತ್ರದಲ್ಲೇ ದೋಷ ಅಡಗಿತ್ತು. ನಿವೃತ್ತರಾದವರ ಪಿಂಚಣಿ ಬೆಲೆಯೊಂದಿಗೆ ಏರುವುದು ಸರಿಯೇ. ಕಾನೂನು ಮಾತ್ರ, ಇನ್ನೂ ದುಡಿಯುತ್ತಿರುವವರ ಮುಂದಿನ ಪಿಂಚಣಿಯ ದರವನ್ನೂ ಬೆಲೆಯೊಂದಿಗೆ ಏರಿಸುತ್ತಿತ್ತು. ಅವರ ಸಂಬಳವಾದರೋ ಹಣದುಬ್ಬರದಿಂದ ಮೊದಲೇ ಏರಿರುತ್ತದೆ. ಏರಿದ ಸಂಬಳಕ್ಕೆ ಏರಿದ ದರ: ಅತ್ತೆಯೂ ಸೊಸೆಯೂ ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು ಸಾರಿಗೆ ಉಪ್ಪು ಹಾಕಿದಂತೆ. ಬೆಲೆಗಳು ನಿಧಾನವಾಗಿ ಏರುವ ಕಾಲದಲ್ಲಿ ಇದು ನಾಲಿಗೆಗೆ ತಿಳಿಯುತ್ತಿರಲಿಲ್ಲ. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಬೆಲೆಗಳನ್ನು ಹಾರಿಸಿದಾಗ ತಪ್ಪು ಬಯಲಾಯಿತು. ಹೀಗೇ ಸಾಗಿದರೆ ಕೆಲವರ ಪಿಂಚಣಿ ಅವರ ಕೊನೆಯ ಸಂಬಳವನ್ನೂ ಮೀರುತ್ತದೆಂದು ಗಣಕರು ಎಚ್ಚರಿಸಿದರು.

1977ರ ಡಿಸೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ತಿದ್ದುಪಡಿ ಎರಡನ್ನೂ ಬೇರ್ಪಡಿಸಿತು. ದುಡಿಯುವಷ್ಟು ಕಾಲದ ಲೆಕ್ಕ ದೇಶದ ಸರಾಸರಿ ಸಂಬಳವನ್ನು ಅನುಸರಿಸಲಿ. ಪಿಂಚಣಿಯ ಲೆಕ್ಕ ಬೆಲೆಯನ್ನು ಅನುಸರಿಸಲಿ. ದುಡಿಮೆಯ ಆದಾಯ ಮಿತಿಯೂ ಸಂಬಳದ ಸಾಲಿಗೇ ಸೇರಿದೆ. ತಿದ್ದುಪಡಿಗೆ ನೋವೂ ಇತ್ತು. 1917ರಿಂದ 1921ರ ನಡುವೆ ಹುಟ್ಟಿದವರಿಗೆ ತಮಗಿಂತ ತುಸು ಹಿರಿಯರಿಗಿಂತ ಕಡಿಮೆ ಪಿಂಚಣಿ ಬಂತು, ಅವರ ದೂರು ದಶಕಗಳ ಕಾಲ ನಡೆಯಿತು.

ಇಂದು ಅಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಸೂಚ್ಯಂಕದ ಸರಾಸರಿಯನ್ನು ಹಿಂದಿನದಕ್ಕೆ ಹೋಲಿಸಿ, ಅಕ್ಟೋಬರಿನಲ್ಲಿ ದರ ಸಾರಿ, ಜನವರಿಯಿಂದ ಕೊಡುತ್ತಾರೆ. 1980ರಲ್ಲಿ ಏರಿಕೆ ಶೇ 14.3 ಆಗಿತ್ತು; 2009, 2010, 2015ರಲ್ಲಿ ಸೊನ್ನೆ. ಪಿಂಚಣಿ ಏರದ ವರ್ಷ ಆದಾಯ ಮಿತಿಯೂ ಏರುವುದಿಲ್ಲ. ಪೂರ್ಣ ನಿವೃತ್ತಿ ವಯಸ್ಸು ತಲುಪದವರಿಗೆ 2025ರ ಮಿತಿ 23,400 ಡಾಲರ್. ಅದಕ್ಕೂ ಮೇಲೆ ದುಡಿದ ಪ್ರತಿ 2 ಡಾಲರಿಗೆ 1 ಡಾಲರ್ ತಡೆಹಿಡಿಯುತ್ತಾರೆ. ಆ ವಯಸ್ಸು ದಾಟಿದವರಿಗೆ 2000ದಿಂದ ಮಿತಿಯೇ ಇಲ್ಲ.

ನಮ್ಮ ದೇಶಕ್ಕೂ ಈ ವಿದ್ಯೆ ಹೊಸದಲ್ಲ. ಕೇಂದ್ರದ ಕಾರ್ಮಿಕ ಬ್ಯೂರೋ ದೇಶದ ಹಲವು ಕೇಂದ್ರಗಳಿಂದ, ನಮ್ಮ ಬೆಂಗಳೂರು, ಬೆಳಗಾವಿಗಳಿಂದಲೂ, ಬೆಲೆ ತರಿಸಿ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ ಕಟ್ಟುತ್ತದೆ. ಅದರ ಹನ್ನೆರಡು ತಿಂಗಳ ಸರಾಸರಿಯ ಮೇಲೆ ಜನವರಿ ಮತ್ತು ಜುಲೈಗೆ ಕೇಂದ್ರ ನೌಕರರ ತುಟ್ಟಿಭತ್ಯೆ ನಿಗದಿಯಾಗುತ್ತದೆ. ಅದೇ ಕೇಂದ್ರ ಸರ್ಕಾರ ಬಡ ವೃದ್ಧರ ರಾಷ್ಟ್ರೀಯ ಪಿಂಚಣಿಗೆ 79 ವರ್ಷದವರೆಗಿನವರಿಗೆ ಕೊಡುವ ತನ್ನ ಪಾಲು 2007ರಲ್ಲೂ ತಿಂಗಳಿಗೆ 200 ರೂಪಾಯಿ, ಇಂದಿಗೂ 200 ರೂಪಾಯಿ. ಕರ್ನಾಟಕದಂಥ ರಾಜ್ಯಗಳು ತಮ್ಮ ಪಾಲು ಸೇರಿಸಿ ಹೆಚ್ಚು ಕೊಡುತ್ತವೆ, ನಿಜ. ಅದು ಏರುವುದೂ ಬಜೆಟ್ ಭಾಷಣ ಮನಸ್ಸು ಮಾಡಿದಾಗಲೇ. ಸೂತ್ರ ಸಿಕ್ಕಿ ಮೂರು ಶತಮಾನ ದಾಟಿದೆ, ಅದರ ದೋಷ ತಿದ್ದಿಯೂ ಅರ್ಧ ಶತಮಾನ ಆಗುತ್ತಾ ಬಂತು. ನೌಕರನ ಸಂಬಳಕ್ಕೆ ಸಲ್ಲುವ ಲೆಕ್ಕ ಮುದುಕಿಯ ಪಿಂಚಣಿಗೂ ಸಲ್ಲಬೇಕು. ಅದಕ್ಕೆ ಹೊಸ ಆವಿಷ್ಕಾರ ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು.