ಸಕ್ಕರೆ ಕಾಯಿಲೆಯವರ ದವಡೆಗೆ ಟೈಟೇನಿಯಂ ಬೇರು

"ಶುಗರ್ ಇದೆಯಾ? ಹಾಗಾದರೆ ಇಂಪ್ಲಾಂಟ್ ಆಗೋದಿಲ್ಲ ಬಿಡಿ" ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅದರ ಜೊತೆಗೇ, ನಾಲ್ಕು ದಿನದಲ್ಲಿ ಗಟ್ಟಿ ಹಲ್ಲು, ಶುಗರ್ ಇದ್ದರೂ ಚಿಂತೆ ಬೇಡ ಎನ್ನುವ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಹಳತಾದ ಮಾತು, ಎರಡನೆಯದು ವ್ಯಾಪಾರದ ಮಾತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರಿಗೆ ಒಂದೇ ಏಟಿಗೆ 'ಆಗುತ್ತದೆ' ಎಂದೋ 'ಆಗದು' ಎಂದೋ ಹೇಳುವುದು ವೈದ್ಯಕೀಯವಲ್ಲ. ಕಳೆದ ಮೂರು ತಿಂಗಳಲ್ಲಿ ಸಕ್ಕರೆ ಎಷ್ಟಿತ್ತು, ಹಲ್ಲು ಕೂತ ಮೇಲೆ ಒಸಡನ್ನು ವರ್ಷಗಟ್ಟಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಇಂಪ್ಲಾಂಟ್ ಎಂದರೆ ಬಿದ್ದ ಹಲ್ಲಿನ ಬೇರಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಟೈಟೇನಿಯಂ ಸ್ಕ್ರೂ. ಮೇಲಿನ ಹಲ್ಲನ್ನು ಆಮೇಲೆ ಅದಕ್ಕೆ ಜೋಡಿಸುತ್ತಾರೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟೇನಿಯಂ ಸಾಧನವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಬರಲಿಲ್ಲ, ಮೂಳೆ ಅದನ್ನು ಅಪ್ಪಿ ಬೆಳೆದಿತ್ತು. 1965ರಲ್ಲಿ ಅವರಿಂದ ಇಂಪ್ಲಾಂಟ್ ಹಾಕಿಸಿಕೊಂಡ ಮೊದಲ ರೋಗಿ ಯೊಸ್ತಾ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅದೇ ಬೇರುಗಳ ಮೇಲೆ ಊಟ ಮಾಡಿದರು. ಇಲ್ಲಿ ಗಮನಿಸಬೇಕಾದದ್ದು, ಸ್ಕ್ರೂ ತಿರುಪುವುದು ಡಾಕ್ಟರ ಕೆಲಸ, ಅದನ್ನು ಹಿಡಿದುಕೊಳ್ಳುವುದು ರೋಗಿಯ ಮೂಳೆಯ ಕೆಲಸ. ಸಕ್ಕರೆ ಕೈಹಾಕುವುದು ಈ ಎರಡನೆಯ ಕೆಲಸಕ್ಕೆ. ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಹೆಚ್ಚಾಗಿದ್ದರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಗುಣ ಕೆಡಿಸುತ್ತದೆ. ಮೂಳೆ ಕಟ್ಟುವ ಕಣಗಳು ನಿಧಾನವಾಗುತ್ತವೆ, ಸಣ್ಣ ರಕ್ತನಾಳಗಳು ದಪ್ಪಗಟ್ಟುತ್ತವೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ.

ಹಾಗಾದರೆ ಹಳೆಯ ನಿಷೇಧವೇ ಸರಿಯಲ್ಲವೇ? ಅಲ್ಲ. ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಲ್ಲೆಲ್ಲ ಬಿದ್ದ 117 ಮಂದಿಗೆ ಕೆಳದವಡೆಯಲ್ಲಿ ತಲಾ ಎರಡು ಇಂಪ್ಲಾಂಟ್ ಹಾಕಲಾಯಿತು. ಅವರಲ್ಲಿ ಮಧುಮೇಹ ಇಲ್ಲದವರೂ ಇದ್ದರು, ಹತೋಟಿ ತಪ್ಪಿದವರೂ ಇದ್ದರು. ವರ್ಷದ ಕೊನೆಗೆ ಉಳಿದ ಇಂಪ್ಲಾಂಟುಗಳ ಪ್ರಮಾಣದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಸಕ್ಕರೆ ತುಂಬ ಹೆಚ್ಚಿದ್ದವರಲ್ಲಿ ಮೂಳೆ ಸ್ಕ್ರೂವನ್ನು ಬಿಗಿಯಾಗಿ ಹಿಡಿಯಲು ಹೆಚ್ಚು ಕಾಲ ಬೇಕಾಯಿತು. ಅಂಥವರಿಗೆ ನಾಲ್ಕು ದಿನದ ಹಲ್ಲು ಹೇಳಿ ಮಾಡಿಸಿದ್ದಲ್ಲ ಎನ್ನಲು ಇದಿಷ್ಟೇ ಸಾಕು.

ಆದರೂ ಈ ಫಲಿತಾಂಶವನ್ನು ಹಿಡಿದು ಕುಣಿಯುವಂತಿಲ್ಲ. ಇಂಪ್ಲಾಂಟ್ ಬಾಯಲ್ಲಿ ಉಳಿದಿದೆ ಎಂದ ಮಾತ್ರಕ್ಕೆ ಅದರ ಸುತ್ತಲಿನ ಒಸಡು ಚೆನ್ನಾಗಿದೆ ಎಂದರ್ಥವಲ್ಲ. ಒಂದು ವರ್ಷ ಕಡಿಮೆ ಅವಧಿಯೂ ಹೌದು. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2017ರ ವಿಶ್ಲೇಷಣೆಯೊಂದು, ಇಂಪ್ಲಾಂಟ್ ಸುತ್ತ ಸೋಂಕಾಗಿ ಮೂಳೆ ಕರಗುವ ಅಪಾಯ ಮಧುಮೇಹಿಗಳಲ್ಲಿ ಸುಮಾರು ಅರ್ಧದಷ್ಟು ಹೆಚ್ಚು ಎಂದಿತು. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ಪದರವೊಂದಿದೆ. ಇಂಪ್ಲಾಂಟ್‌ಗೆ ಅದಿಲ್ಲ, ಸೋಂಕು ಬೇಗ ಮೂಳೆ ಮುಟ್ಟುತ್ತದೆ. ಸಾಲದ್ದಕ್ಕೆ ಬಹುಕಾಲ ನೋವೇ ಇರುವುದಿಲ್ಲ. ಡಾಕ್ಟರು ಅಳತೆಯ ಗೆರೆಗಳಿರುವ ಸಪೂರ ಕಡ್ಡಿಯನ್ನು ಒಸಡಿನಂಚಿನಲ್ಲಿ ಮೆಲ್ಲಗೆ ಆಡಿಸಿದಾಗ ರಕ್ತದ ಒಂದು ಹನಿ ಮೂಡುತ್ತದೆ. ಎಕ್ಸ್‌ರೇಯಲ್ಲಿ, ಮೊದಲು ಸ್ಕ್ರೂವಿನ ಮೇಲಿನ ಎಳೆಯವರೆಗೂ ಇದ್ದ ಮೂಳೆ ಈಗ ಮೂರನೆಯ ಎಳೆಗೆ ಇಳಿದಿರುತ್ತದೆ. ರೋಗಿಗೆ ವಿಷಯ ಗೊತ್ತಾಗುವುದು ಆಗಲೇ.

"ಇವತ್ತು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 110 ಬಂತು, ಇನ್ನೇನು?" ಎನ್ನುವವರಿದ್ದಾರೆ. ಎರಡು ದಿನ ಪಥ್ಯ ಮಾಡಿದರೆ ಆ ಅಂಕಿ ಎಷ್ಟೋ ಮಂದಿಗೆ ಬಂದೀತು. ಕೇಳಬೇಕಾದದ್ದು ಎಚ್‌ಬಿಎ1ಸಿ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದಕ್ಕಂಟಿದ ಸಕ್ಕರೆ ಎರಡು ಮೂರು ತಿಂಗಳ ಲೆಕ್ಕ ಕೊಡುತ್ತದೆ. ಇದು ಶೇ 7ರ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. 8 ದಾಟಿದರೆ ಮೊದಲು ಇಳಿಸಿಕೊಂಡು ಬನ್ನಿ ಎನ್ನುವವರೇ ಹೆಚ್ಚು. ನಮ್ಮಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಒಂದು ಎಚ್ಚರ: ಕಬ್ಬಿಣದ ಕೊರತೆಯಿದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು, ಹಿಮೋಗ್ಲೋಬಿನ್ ಕೂಡ ನೋಡಿಸಬೇಕು. ಆಂಟಿಬಯಾಟಿಕ್ ಮಾತ್ರೆ ಕೊಟ್ಟರಾಯಿತು ಎಂಬ ವಾದಕ್ಕೂ ಹೆಚ್ಚು ತೂಕವಿಲ್ಲ. ಮಾತ್ರೆ ಆ ಒಂದು ವಾರ ಕಾದೀತು, ಮುಂದಿನ ವರ್ಷಗಳನ್ನಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹತ್ತಾರು ಸಾವಿರ ಸುರಿದು ಇಷ್ಟು ಅಪಾಯ ಯಾಕೆ, ತೆಗೆದು ಹಾಕುವ ಸೆಟ್ಟು ಸಾಲದೇ? ಎಷ್ಟೋ ಮಂದಿಗೆ ಸಾಕು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಮಧುಮೇಹಿಗಳಲ್ಲಿ ಅನೇಕರ ಬಾಯಿ ಒಣಗಿರುತ್ತದೆ. ಎಂಜಲಿಲ್ಲದೆ ಸೆಟ್ಟು ಹಿಡಿಯುವುದಿಲ್ಲ, ಉಜ್ಜಿ ಆದ ಹುಣ್ಣು ಬೇಗ ಮಾಯುವುದಿಲ್ಲ. ಅಗಿಯಲಾಗದವರ ತಟ್ಟೆಯಿಂದ ಮೊದಲು ಮರೆಯಾಗುವುದು ಹುರುಳಿ ಕಾಳು, ಹಸಿ ಕೋಸಂಬರಿ, ಕಟಕಲು ಜೋಳದ ರೊಟ್ಟಿ. ಉಳಿಯುವುದು ಮೆತ್ತನೆಯ ಅನ್ನ, ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಅಂದರೆ ಸಕ್ಕರೆ ಏರಿಸುವಂಥದ್ದೇ. (ಮುದ್ದೆ ಉಣ್ಣುವವರು ಹೇಗೂ ಅಗಿಯದೆ ನುಂಗುವವರು, ಅವರಿಗೆ ಈ ಕಷ್ಟ ತುಸು ಕಡಿಮೆ.) ಕೆಳದವಡೆಯಲ್ಲಿ ಎರಡೇ ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ಟು ಕೂರಿಸುವ ನಡುದಾರಿ ಅನೇಕ ಹಿರಿಯರಿಗೆ ಒಪ್ಪುವಂಥದ್ದು, ಹಲ್ಲಿಗೊಂದರಂತೆ ಹಾಕಿಸುವುದಕ್ಕಿಂತ ಅಗ್ಗ ಕೂಡ. ಇಂಪ್ಲಾಂಟ್ ಹಾಕಿಸಿದರೆ ಶುಗರ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಉಳಿದ ಹಲ್ಲುಗಳ ಒಸಡು ರೋಗಕ್ಕೆ ಚಿಕಿತ್ಸೆ ಮಾಡಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಹಾಗಾಗಿ ಒಸಡಿನ ಚಿಕಿತ್ಸೆ ಮೊದಲು, ಸ್ಕ್ರೂ ಆಮೇಲೆ.

ಹಾಕಿಸುವುದೆಂದು ನಿರ್ಧರಿಸಿದವರು ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳಿ. ಬಾಯಿ ಮರಗಟ್ಟಿಸಿ ಮಾಡುವ ಕೆಲಸವಾದರೆ, ಶುಗರ್ ಡಾಕ್ಟರು ಬೇರೆ ಹೇಳದ ಹೊರತು ತಿಂಡಿ ತಿಂದು, ಮಾತ್ರೆ ನುಂಗಿಯೇ ಹೋಗಿ. ಉಪವಾಸ ಹೋಗಿ ಸಕ್ಕರೆ ಕುಸಿದು ಕುರ್ಚಿಯಲ್ಲೇ ತಲೆ ಸುತ್ತಿ ಬೀಳುವುದು ಬೇಡ. ಬೀಡಿ, ಸಿಗರೇಟು, ಗುಟ್ಕಾ ಬಿಡಲಾಗದಿದ್ದರೆ ಹಣ ಉಳಿಸಿಕೊಳ್ಳುವುದೇ ಲೇಸು. ಮುಂಗಡ ಕೊಡುವ ಮೊದಲು ಹಲ್ಲಿನ ಡಾಕ್ಟರು ನಿಮ್ಮ ಎಚ್‌ಬಿಎ1ಸಿ ಕೇಳಿದರೇ, ಹಲ್ಲು ಕೂತ ಮೇಲೆ ಎಷ್ಟು ತಿಂಗಳಿಗೊಮ್ಮೆ ಬರಬೇಕೆಂದು ಹೇಳಿದರೇ ನೋಡಿ. ಎರಡನ್ನೂ ಕೇಳದ, ಹೇಳದ ಕ್ಲಿನಿಕ್ಕಿನಿಂದ ಎದ್ದು ಬನ್ನಿ.